ಮಾಯಬಾರದ ಗಾಯ, ಸೂಜಿಯಲ್ಲಿ ಹೋಗುವ ಜೆಲ್

ರಾಜಾಜಿನಗರದ ನಮ್ಮ ಅತ್ತೆಗೆ ಗ್ಲಾಕೋಮಾ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚುವಾಗ ಅವರು ಕೇಳಿದ್ದು ಒಂದೇ ಮಾತು: "ಗಾಯ ಯಾವಾಗ ಮಾಯುತ್ತೆ ಡಾಕ್ಟ್ರೇ?" ಡಾಕ್ಟರ್ ಮೇಲಿನ ರೆಪ್ಪೆ ಎತ್ತಿ ನೋಡುತ್ತಾ ನಕ್ಕರು. "ಪೂರ್ತಿ ಮಾಯೋದು ಬೇಡ ಅಮ್ಮ. ಮಾಯ್ದರೆ ನಾವು ಮಾಡಿದ ಕೆಲಸ ಕೆಟ್ಟ ಹಾಗೆ."

ಈ ಆಪರೇಷನ್ನಿನ ಇತಿಹಾಸವೆಲ್ಲ ಆ ಒಂದು ಮಾತಿನಲ್ಲಿದೆ ಅನ್ನಬಹುದು.

ಕಣ್ಣಿನೊಳಗೆ ಸದಾ ಒಂದು ತಿಳಿ ನೀರು ಹುಟ್ಟುತ್ತಾ, ಹರಿದು ಹೋಗುತ್ತಾ ಇರುತ್ತದೆ. ಹರಿಯುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಕಣ್ಣಿನ ನರ ನಿಧಾನವಾಗಿ ಸಾಯುತ್ತದೆ. ಮೊದಲು ಅಂಚಿನ ನೋಟ ಹೋಗುತ್ತದೆ, ಹಾಗಾಗಿ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಪೊರೆ ತೆಗೆಸಿದರೆ ನೋಟ ವಾಪಸ್ ಬರುತ್ತದೆ. ಇಲ್ಲಿ ಹೋದದ್ದು ಹೋಯಿತು. 2010ರ ಅಂದಾಜಿನಂತೆ ಭಾರತದಲ್ಲಿ 40 ದಾಟಿದವರಲ್ಲೇ ಸುಮಾರು 1.12 ಕೋಟಿ ಜನಕ್ಕೆ ಗ್ಲಾಕೋಮಾ ಇತ್ತು.

ಹನಿ ಔಷಧಿಯಿಂದ ಒತ್ತಡ ಇಳಿಯದಿದ್ದರೆ ಉಳಿಯುವ ದಾರಿಗಳಲ್ಲಿ ಮುಖ್ಯವಾದದ್ದು ನೀರಿಗೆ ಹೊಸ ತೂತು ಕೊರೆಯುವುದು. 1857ರಲ್ಲಿ ಬರ್ಲಿನ್‌ನ ಕಣ್ಣಿನ ವೈದ್ಯ ಫಾನ್ ಗ್ರೇಫೆ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಒಂದು ತುಂಡು ಕತ್ತರಿಸಿ ಗ್ಲಾಕೋಮಾಕ್ಕೆ ಚಿಕಿತ್ಸೆ ಇದೆ ಎಂದು ತೋರಿಸಿದರು. ಅದು ಕೆಲವು ಬಗೆಯ ಗ್ಲಾಕೋಮಾಕ್ಕೆ ಮಾತ್ರ ಕೆಲಸ ಮಾಡಿತು. ಮುಂದಿನ ದೊಡ್ಡ ಹೆಜ್ಜೆ ನಮ್ಮ ಪಕ್ಕದಲ್ಲೇ ಬಿತ್ತು. 1909ರಲ್ಲಿ ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಪುಟ್ಟ ಕೊರೆಯುವ ಉಪಕರಣದಿಂದ ಕಣ್ಣಿನ ಗೋಡೆಯಲ್ಲಿ ದುಂಡನೆಯ ತೂತು ಮಾಡುವ ವಿಧಾನ ತಂದರು. ನೀರು ಹರಿಯಿತು, ಕೆಲವೊಮ್ಮೆ ಜಾಸ್ತಿಯೇ ಹರಿಯಿತು. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ತೂತಿನ ಮೇಲೆ ಬಿಳಿಗುಡ್ಡೆಯದೇ ಒಂದು ಪದರವನ್ನು ಮುಚ್ಚಳದಂತೆ ಹೊಲಿಯುವ ರೀತಿ ಪ್ರಕಟಿಸಿದರು. ಇವತ್ತು ಟ್ರಾಬೆಕ್ಯುಲೆಕ್ಟಮಿ ಅನ್ನುವ ಆಪರೇಷನ್ನಿಗೆ ಅದೇ ಮೂಲ. ಸೋರಿದ ನೀರು ಮೇಲಿನ ರೆಪ್ಪೆಯ ಕೆಳಗೆ ಸಣ್ಣ ಗುಳ್ಳೆಯಾಗಿ ನಿಲ್ಲುತ್ತದೆ. ಡಾಕ್ಟರುಗಳು ಅದಕ್ಕೆ ಬ್ಲೆಬ್ ಅನ್ನುತ್ತಾರೆ.

ಆದರೆ ದೇಹಕ್ಕೆ ಇದೆಲ್ಲ ಎಲ್ಲಿ ಗೊತ್ತು? ಅದಕ್ಕೆ ಇದು ಸುಮ್ನೆ ಒಂದು ಗಾಯ. ವಾರಗಳಲ್ಲಿ ಕಲೆ ಕಟ್ಟಿ ದಾರಿ ಮುಚ್ಚಲು ನೋಡುತ್ತದೆ. ಅದನ್ನು ತಡೆಯಲು 1980ರ ದಶಕದಲ್ಲಿ ವೈದ್ಯರು ಕ್ಯಾನ್ಸರ್ ಔಷಧಿಗಳ ಕಡೆ ತಿರುಗಿದರು. 5-ಫ್ಲೋರೋಯುರಾಸಿಲ್ ಕುರಿತು ಅಮೆರಿಕದಲ್ಲಿ ನಡೆದ ಅಧ್ಯಯನದ ಕ್ರಮ ಕೇಳಿ: ಮೊದಲ ವಾರ ದಿನಕ್ಕೆ ಎರಡು ಸೂಜಿ, ಎರಡನೇ ವಾರ ದಿನಕ್ಕೊಂದು. ಒಟ್ಟು 21, ಅದೂ ಕಣ್ಣಿಗೆ! ರೋಗಿಗಳ ತಾಳ್ಮೆಗೆ ಕೈಮುಗಿಯಬೇಕು. ಮೈಟೊಮೈಸಿನ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿ ಬಂದ ಮೇಲೆ ಕೆಲಸ ಹಗುರಾಯಿತು. ಆಪರೇಷನ್ ನಡುವೆ ಔಷಧಿಯಲ್ಲಿ ಅದ್ದಿದ ಸಣ್ಣ ಸ್ಪಂಜುಗಳನ್ನು ಕೆಲವು ನಿಮಿಷ ಅಲ್ಲಿಟ್ಟು, ಲೆಕ್ಕ ಹಾಕಿ ತೆಗೆದು, ಸಲೈನ್‌ನಲ್ಲಿ ಚೆನ್ನಾಗಿ ತೊಳೆಯುತ್ತಾರೆ. ಅಷ್ಟೇ.

ತೊಡಕು ಇರುವುದೂ ಅಲ್ಲೇ. ಕಲೆ ಕಟ್ಟುವುದು ವಾರಗಟ್ಟಲೆ ನಡೆಯುವ ಕೆಲಸ, ಔಷಧಿ ಇರುವುದು ನಿಮಿಷಗಳ ಮಟ್ಟಿಗೆ. ಆ ನಿಮಿಷಗಳಲ್ಲೇ ಎಲ್ಲ ಸಾಧಿಸಲು ಔಷಧಿ ಜೋರಾಗಿರಬೇಕು. ಜಾಸ್ತಿಯಾದರೆ ಬ್ಲೆಬ್ ಕಾಗದದಂತೆ ತೆಳುವಾಗಿ ಸೋರುತ್ತದೆ, ಸೋಂಕು ಒಳಗೆ ಹೋಗಬಹುದು, ಒತ್ತಡ ವಿಪರೀತ ಇಳಿಯಬಹುದು.

ಔಷಧಿಯನ್ನು ಒಳಗೇ ಇಟ್ಟುಕೊಂಡು ನಿಧಾನವಾಗಿ ಬಿಡುವ ಹೈಡ್ರೋಜೆಲ್‌ನ ಆಸೆ ಹುಟ್ಟಿದ್ದು ಇಲ್ಲಿಂದ. ಹೆಸರು ದೊಡ್ಡದು, ವಸ್ತು ಪರಿಚಿತ. ಕಾಮಕಸ್ತೂರಿ ಬೀಜ ನೆನೆಸಿದಾಗ ಸುತ್ತ ಲೋಳೆ ಕಟ್ಟುತ್ತದಲ್ವಾ, ನೀರನ್ನು ಹಿಡಿದುಕೊಂಡ ಬಲೆ, ಅದೇ. ಕಣ್ಣಿಗೂ ಇದು ಹೊಸದಲ್ಲ. ಚೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ಮಕ್ಕಳ ಆಟದ ಸಾಮಾನಿನಿಂದ ಯಂತ್ರ ಜೋಡಿಸಿ ಮೆದು ಕಾಂಟ್ಯಾಕ್ಟ್ ಲೆನ್ಸ್ ಮಾಡಿದ್ದು ಇಂಥ ಜೆಲ್‌ನಿಂದಲೇ.

ಸೂಜಿಯಲ್ಲಿ ಹೋಗುವ ಜೆಲ್‌ಗಳಲ್ಲಿ ಕೆಲವಕ್ಕೆ ಇನ್ನೊಂದು ಗುಣ ಬೇಕು. ನಮ್ಮ ಹಾಲುಬಾಯಿ ಬಿಸಿಯಾಗಿದ್ದಾಗ ಹರಿಯುತ್ತದೆ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಇವು ಉಲ್ಟಾ. ತಣ್ಣಗಿದ್ದಾಗ ನೀರು, ಮೈ ಬಿಸಿಗೆ ಗಟ್ಟಿ. ಪೊಲೊಕ್ಸಾಮರ್ ಅನ್ನುವ ವಸ್ತು ಹಾಗೆ, ಸೀಗಡಿ ಚಿಪ್ಪಿನಿಂದ ಬರುವ ಕೈಟೋಸಾನ್‌ಗೆ ಒಂದು ಲವಣ ಬೆರೆಸಿದ್ದೂ ಹಾಗೆ. ಬ್ಲೆಬ್ ಜಾಗಕ್ಕೆ ಚುಚ್ಚಿದರೆ ಅಲ್ಲೇ ಕೂತು, ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಕೊನೆಗೆ ತಾನೂ ಕರಗಿ ಹೋಗಬೇಕು. ಪದರಗಳು ಅಂಟಿಕೊಳ್ಳದಂತೆ ನಡುವೆ ನಿಲ್ಲುವುದು ಜೊತೆಗೆ ಸಿಗುವ ಲಾಭ.

ಇದನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಮೊಲಗಳ ಮೇಲೆ. ಮೊಲದ ಕಣ್ಣು ಮನುಷ್ಯರದ್ದಕ್ಕಿಂತ ಬೇಗ ಕಲೆ ಕಟ್ಟುತ್ತದೆ, ಹಾಗಾಗಿ ಪರೀಕ್ಷೆ ಕಠಿಣ. ಆದರೂ ಮೊಲ ಮೊಲವೇ. ಜೆಲ್ ಮೊದಲ ದಿನವೇ ಅರ್ಧ ಔಷಧಿ ಚೆಲ್ಲಿಬಿಟ್ಟರೆ ಸ್ಪಂಜಿಗಿಂತ ಏನು ಹೆಚ್ಚು? ನನಗೆ ಕಾಡುವುದು ಇನ್ನೊಂದು: ಸ್ಪಂಜನ್ನು ತೆಗೆದು ತೊಳೆಯಬಹುದು. ಒಳಗೆ ಕೂತ ಜೆಲ್ ಜಾಸ್ತಿಯಾಯಿತು ಅಂತ ಗೊತ್ತಾದರೆ ತೆಗೆಯುವುದು ಅಷ್ಟು ಸುಲಭ ಅಲ್ಲ.

ಅತ್ತೆಗೆ ಇಟ್ಟಿದ್ದು ಸ್ಪಂಜೇ, ಮೂರು ನಿಮಿಷ. ಆಮೇಲಿನ ವಾರಗಳ ಕಾವಲಿಗೆ ಸ್ಟಿರಾಯ್ಡ್ ಹನಿ. ಎರಡು ಗಂಟೆಗೊಮ್ಮೆ ಮೊಬೈಲ್ ಅಲಾರಂ ಹೊಡೆಯುತ್ತಿತ್ತು. ಅತ್ತೆ ಟಿವಿ ಮುಂದಿನಿಂದಲೇ ತಲೆ ಹಿಂದಕ್ಕೆ ಒರಗಿಸಿ ನನಗಾಗಿ ಕಾಯುತ್ತಿದ್ದರು.