ಕಿಮೋ ಮುಗಿದರೂ ಕಾಲಿನ ಜೋಮು ಹೋಗಿಲ್ಲ, ಯಾಕೆ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಕಿಮೋ ಮುಗಿದು ಏಳೆಂಟು ತಿಂಗಳಾಯಿತು. ಪಾದ ಇನ್ನೂ ಜೋಮು ಹಿಡಿದ ಹಾಗೇ ಇದೆ, ರಾತ್ರಿ ಉರಿ ಬೇರೆ. ಕಾಯಿಲೆ ಮತ್ತೆ ಬಂತಾ?

ಉತ್ತರ: ಎರಡೂ ಪಾದಗಳಲ್ಲಿ, ಬೆರಳ ತುದಿಯಿಂದ ಶುರುವಾದ ಜೋಮಾದರೆ ಸಾಮಾನ್ಯವಾಗಿ ಅದು ಕಿಮೋ ಔಷಧಿಯಿಂದ ನರಕ್ಕೆ ಆದ ಪೆಟ್ಟು. ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ, ಪ್ಯಾಕ್ಲಿಟ್ಯಾಕ್ಸೆಲ್ ಅಂತ ಇರಬಹುದು. ಜೀವಕೋಶದ ಒಳಗೆ ಸೂಕ್ಷ್ಮ ಕೊಳವೆಗಳಿರುತ್ತವೆ. ಈ ಔಷಧಿ ಅವನ್ನು ಅಲುಗದಂತೆ ಮಾಡುತ್ತದೆ, ಕ್ಯಾನ್ಸರ್ ಕೋಶ ಒಡೆದು ಎರಡಾಗಲು ಆಗುವುದಿಲ್ಲ. ತೊಂದರೆ ಏನೆಂದರೆ, ನರಗಳು ತಮಗೆ ಬೇಕಾದ್ದನ್ನು ಸಾಗಿಸುವುದೂ ಇಂಥ ಕೊಳವೆಗಳ ಮೇಲೆಯೇ. ಸೊಂಟದಿಂದ ಪಾದದವರೆಗೆ ಹೋಗುವ ನರ ಎಲ್ಲಕ್ಕಿಂತ ಉದ್ದ. ಹಾಗಾಗಿ ಮೊದಲು ಸೊರಗುವುದು ಅದರ ತುದಿ. ಕೈಬೆರಳಿಗೂ ಬಂದರೆ ರವಿಕೆ ಹುಕ್ಕು ಹಾಕುವುದೇ ಕಷ್ಟವಾಗುತ್ತದೆ.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಆಕ್ಸಾಲಿಪ್ಲ್ಯಾಟಿನ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಜಾಸ್ತಿ ಆಗಬಹುದು. ಜನ ಗಾಬರಿಯಾಗುವುದು ಆಗಲೇ.

ಹೋಗುತ್ತದಾ? ಹಲವರಿಗೆ ತಿಂಗಳುಗಟ್ಟಲೆ ಹಿಡಿದು ನಿಧಾನಕ್ಕೆ ಇಳಿಯುತ್ತದೆ. ಕೆಲವರಿಗೆ ವರ್ಷಗಳವರೆಗೂ ಸ್ವಲ್ಪ ಉಳಿಯುತ್ತದೆ. "ಜೀವ ಉಳಿಯಿತಲ್ಲ, ಇದೇನು ಮಹಾ" ಅಂತ ಅಮ್ಮಂದಿರು ಡಾಕ್ಟರ ಮುಂದೆ ಬಾಯಿ ಬಿಡುವುದೇ ಇಲ್ಲ. ನೀವಾದರೂ ಹೇಳಿ. ಉರಿ, ನೋವಿಗೆ ಡುಲಾಕ್ಸೆಟಿನ್ ಎಂಬ ಮಾತ್ರೆ ಕೆಲವರಿಗೆ ಕೆಲಸ ಮಾಡುತ್ತದೆ. ಬರೀ ಮರಗಟ್ಟಿದ್ದಕ್ಕೆ ಅಂಥ ಒಳ್ಳೆ ಮಾತ್ರೆ ಇನ್ನೂ ಇಲ್ಲ. ಸಕ್ಕರೆ ಮತ್ತು ಬಿ12 ರಕ್ತಪರೀಕ್ಷೆ ಮಾಡಿಸಿ, ಇವು ಏರುಪೇರಾದರೂ ಜೋಮು ಬರುತ್ತದೆ. ಮೆಡಿಕಲ್ ಶಾಪಿನಿಂದ ವಿಟಮಿನ್ ಮಾತ್ರೆ ತಂದು ಸುಮ್ನೆ ನುಂಗಿಸಬೇಡಿ. ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ!

ಮನೆಯಲ್ಲಿ ನಿಜವಾದ ಅಪಾಯ ಬಚ್ಚಲಲ್ಲಿದೆ. ನೀರು ಎಷ್ಟು ಸುಡುತ್ತಿದೆ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯುವುದು. ನೀರನ್ನು ಬೇರೆಯವರು ಮುಟ್ಟಿ ನೋಡಲಿ. ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೂ ಅರಿವಿಗೆ ಬರುವುದಿಲ್ಲ, ಹಿಂದೆ ಪಟ್ಟಿ ಇರುವುದು ಕೊಡಿಸಿ. ಮಲಗುವ ಮುಂಚೆ ಅಂಗಾಲು ನೋಡಿ. ರಾತ್ರಿ ಒಂದು ದೀಪ ಉರಿಯುತ್ತಿರಲಿ, ಕತ್ತಲಲ್ಲಿ ಇಂಥವರು ಬೇಗ ಎಡವುತ್ತಾರೆ. ನಡೆಯುವಾಗ ಸಮತೋಲ ಸರಿಯಾಗಲು ಯಾವ ವ್ಯಾಯಾಮ ಮಾಡಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಅದು ಬೆನ್ನುಹುರಿ ಒತ್ತಿದ ಲಕ್ಷಣ ಇರಬಹುದು. ಮುಂದಿನ ಅಪಾಯಿಂಟ್‌ಮೆಂಟ್ ನೋಡುತ್ತಾ ಕೂರದೆ ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.