ಎನ್‌ಡಿಪಿಎಸ್ ಟಿಪ್ಪಣಿ: ತೂಕ, ಗಡಿಯಾರ, ಸಹಿ

ಮಾದಕದ್ರವ್ಯ ತಡೆಗೆಂದಿರುವ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು ಪರೀಕ್ಷೆಗಾಗಿ ಶಿಕ್ಷೆಗಳ ಪಟ್ಟಿಯಂತೆ ಬಾಯಿಪಾಠ ಮಾಡಿದರೆ ಎರಡೇ ದಿನದಲ್ಲಿ ಮರೆತುಹೋಗುತ್ತದೆ. ತೂಕ, ಗಡಿಯಾರ, ಸಹಿ ಎಂಬ ಮೂರು ಎಳೆ ಹಿಡಿದು ಓದಿದರೆ ಉಳಿಯುತ್ತದೆ. ಲಂಚ ನುಸುಳುವುದೂ ಈ ಮೂರರೊಳಗೇ, ಸಾಕ್ಷಿಯನ್ನು ಹೆದರಿಸುವುದೂ ಇವಕ್ಕಾಗಿಯೇ. ಪರೀಕ್ಷೆಗೆ ಕೂರದವರಿಗೂ ಇದು ಬೇಕು. ಏಕೆಂದರೆ ಪಂಚರಾಗಿ (ಶೋಧ, ಜಪ್ತಿಗೆ ಸಾಕ್ಷಿಯಾಗಿ) ಬಂದು ಸಹಿ ಹಾಕಿ ಎಂದು ಯಾರನ್ನು ಬೇಕಾದರೂ ಕರೆಯಬಹುದು.

ತೂಕ: ಎಲ್ಲರೂ ಎಡವುವ ಜಾಗ

2001ರ ಅಕ್ಟೋಬರ್ 19ರ ಅಧಿಸೂಚನೆಯಲ್ಲಿ ಪ್ರತಿ ವಸ್ತುವಿನ ಮುಂದೆ ಎರಡು ಅಂಕಿಗಳಿವೆ. ಗಾಂಜಾ 1 ಕೆ.ಜಿ. ಮತ್ತು 20 ಕೆ.ಜಿ., ಚರಸ್ 100 ಗ್ರಾಂ ಮತ್ತು 1 ಕೆ.ಜಿ., ಅಫೀಮು 25 ಗ್ರಾಂ ಮತ್ತು 2.5 ಕೆ.ಜಿ., ಹೆರಾಯಿನ್ 5 ಮತ್ತು 250 ಗ್ರಾಂ, ಕೊಕೇನ್ 2 ಮತ್ತು 100 ಗ್ರಾಂ, ಎಂಡಿಎಂಎ 0.5 ಮತ್ತು 10 ಗ್ರಾಂ.

ಮೊದಲ ಅಂಕಿ ಅಲ್ಪ ಪ್ರಮಾಣ, ಎರಡನೆಯದು ವಾಣಿಜ್ಯ ಪ್ರಮಾಣ ಎಂದು ಬರೆದುಕೊಂಡರೆ ಅರ್ಧ ತಪ್ಪು. ಕಲಂ 2ರ ವ್ಯಾಖ್ಯೆ ನೋಡಿ: ಮೊದಲ ಅಂಕಿಗಿಂತ ಕಡಿಮೆ ಇದ್ದರೆ ಅಲ್ಪ, ಎರಡನೆಯದಕ್ಕಿಂತ ಹೆಚ್ಚಿದ್ದರೆ ವಾಣಿಜ್ಯ. ಅಂದರೆ ಸರಿಯಾಗಿ 1 ಕೆ.ಜಿ. ಗಾಂಜಾ ಅಲ್ಪವಲ್ಲ, ಸರಿಯಾಗಿ 20 ಕೆ.ಜಿ. ವಾಣಿಜ್ಯವೂ ಅಲ್ಲ. ಎರಡೂ ನಡುವಿನ ಪ್ರಮಾಣಕ್ಕೇ ಬೀಳುತ್ತವೆ.

ಒಂದು ಹಿಡಿ ತೂಕಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಗಾಂಜಾಕ್ಕೆ ಸಂಬಂಧಿಸಿದ ಕಲಂ 20ರಲ್ಲಿ ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಸಜೆ ಅಥವಾ 10,000 ರೂ.ವರೆಗೆ ದಂಡ, ಅಥವಾ ಎರಡೂ. ನಡುವಿನದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷ ರೂ.ವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ದಂಡ 1ರಿಂದ 2 ಲಕ್ಷ ರೂ. ಅದರ ಮೇಲೆ ಕಲಂ 37. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂಬ ಎರಡೂ ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ. 20 ಕೆ.ಜಿ. ಗೆರೆಯ ಆಚೆ ಈಚೆ ಇರುವ ಕೆಲವು ಗ್ರಾಂಗಳಿಗೆ ಬೆಲೆ ಬರುವುದು ಹೀಗೆ. ಪೆಡ್ಲರ್‌ನಿಂದ ದುಡ್ಡು ತಿಂದು ತೂಕ ಇಳಿಸಬಹುದು, ದುಡ್ಡು ಕೊಡದ ಬಡಪಾಯಿಯ ಮೇಲೆ ಏರಿಸಲೂಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಬೇರುಸಹಿತ ಕಿತ್ತ ಗಿಡಗಳ ಚೀಲ ತಕ್ಕಡಿಯಲ್ಲಿ 21.2 ಕೆ.ಜಿ. ತೂಗಿತು ಎನ್ನಿ. ಖಾಲಿ ಚೀಲ 300 ಗ್ರಾಂ. ಬೇರು, ದಪ್ಪ ಕಾಂಡ 1.7 ಕೆ.ಜಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಕಳೆದರೆ ಉಳಿಯುವುದು 19.2 ಕೆ.ಜಿ. ಮಹಜರಿನಲ್ಲಿ ‘ಒಟ್ಟು 21.2 ಕೆ.ಜಿ. ಗಾಂಜಾ’ ಎಂದು ಒಂದೇ ಸಾಲು ಬರೆದರೆ ಆರೋಪಿ ವಾಣಿಜ್ಯ ಪ್ರಮಾಣದ ಕಲಂನಡಿ ಒಳಗೆ ಹೋಗುತ್ತಾನೆ. ವಿಚಾರಣೆಯಲ್ಲಿ ವಕೀಲರು ಇದೇ ಸಾಲನ್ನು ಹಿಡಿದು ಪ್ರಕರಣವನ್ನೇ ಅಲ್ಲಾಡಿಸುತ್ತಾರೆ. ಒಟ್ಟು ತೂಕ, ಚೀಲದ ತೂಕ, ಬೇರ್ಪಡಿಸಿದ ಭಾಗಗಳ ತೂಕ ಬೇರೆ ಬೇರೆಯಾಗಿ ಬರಬೇಕು.

ಇನ್ನು ಬೆರಕೆ. ಇಲ್ಲಿ ಹಳೆಯ ಟಿಪ್ಪಣಿಗಳನ್ನು ನಂಬಬೇಡಿ. 2008ರ ಇ. ಮೈಕೇಲ್ ರಾಜ್ ತೀರ್ಪಿನಂತೆ ಪುಡಿಯೊಳಗಿನ ಶುದ್ಧ ಮಾದಕದ್ರವ್ಯವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕಿತ್ತು. 2009ರ ನವೆಂಬರ್ 18ರ ಅಧಿಸೂಚನೆ ಪೂರ್ತಿ ಮಿಶ್ರಣದ ತೂಕ ಎಂದಿತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪನ್ನು ತಳ್ಳಿಹಾಕಿತು. ಶೇ. 4ರಷ್ಟು ಹೆರಾಯಿನ್ ಇರುವ 300 ಗ್ರಾಂ ಪುಡಿಯಲ್ಲಿ ಶುದ್ಧಾಂಶ 12 ಗ್ರಾಂ ಮಾತ್ರ. ಹಳೆಯ ಲೆಕ್ಕದಲ್ಲಿ ಅದು ನಡುವಿನ ಪ್ರಮಾಣ, ಈಗ 300 ಗ್ರಾಂ, ಅಂದರೆ ವಾಣಿಜ್ಯ. ಚೀಲವನ್ನು ಕಳೆಯಬೇಕು, ಬೆರಕೆಯನ್ನು ಕಳೆಯಬಾರದು. ನೆನಪಿಡಲು ಇಷ್ಟು ಸಾಕು.

ಗಡಿಯಾರ

ಕಲಂ 42: ಮಾದಕದ್ರವ್ಯದ ಬಗ್ಗೆ ಮಾಹಿತಿ ಬಂದರೆ ಅಧಿಕಾರಿ ಅದನ್ನು ಬರೆದಿಡಬೇಕು, ಪ್ರತಿಯನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ದಾಳಿ ಮುಗಿದ ಮೇಲೆ ಕೂತು ಮಾಹಿತಿ ಬರೆದರೆ ಸಮಯಗಳು ತಾಳೆಯಾಗುವುದಿಲ್ಲ, ಪ್ರಕರಣ ಬೀಳುವುದು ಹೆಚ್ಚಾಗಿ ಇಲ್ಲೇ. ಶೋಧ ನಡೆಯುವುದು ಸಾರ್ವಜನಿಕ ಸ್ಥಳದಲ್ಲಾದರೆ ಅನ್ವಯಿಸುವುದು ಕಲಂ 43. ಕಲಂ 57: ಬಂಧನ ಅಥವಾ ಜಪ್ತಿಯಾದ 48 ಗಂಟೆಯೊಳಗೆ ಪೂರ್ಣ ವರದಿ. 72 ಮತ್ತು 48ನ್ನು ಅದಲುಬದಲು ಮಾಡಬೇಡಿ: ಮಾಹಿತಿಗೆ 72, ಮಾಲಿಗೆ (ಜಪ್ತಿಯಾದ ಸರಕಿಗೆ) 48.

ಕಲಂ 50 ಮೈಮೇಲಿನ ಶೋಧಕ್ಕೆ ಮಾತ್ರ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ಶೋಧ ನಡೆಯಲಿ ಎಂದು ಕೇಳುವ ಹಕ್ಕಿದೆ ಎಂಬುದನ್ನು ವ್ಯಕ್ತಿಗೆ ತಿಳಿಸಲೇಬೇಕು. ಕೈಚೀಲದ ಶೋಧಕ್ಕೆ ಇದು ಅನ್ವಯಿಸದು.

ಸಹಿ ಮತ್ತು ಮಾಲುಖಾನೆ

ಕಲಂ 52ಎ ಪ್ರಕಾರ ಮಾಲಿನ ಪಟ್ಟಿ, ಫೋಟೊ, ಮಾದರಿ ಮೂರಕ್ಕೂ ಮ್ಯಾಜಿಸ್ಟ್ರೇಟರ ದೃಢೀಕರಣ ಬೇಕು. ಮಾದರಿ ತೆಗೆಯುವುದೂ ಅವರ ಮುಂದೆಯೇ ಎಂದು 2016ರ ಮೋಹನ್‌ಲಾಲ್ ತೀರ್ಪು ಸ್ಪಷ್ಟಪಡಿಸಿದೆ. 2022ರ ನಿಯಮಗಳಂತೆ ಪ್ರತಿ ಮಾದರಿ ಗಾಂಜಾ, ಚರಸ್, ಅಫೀಮಿಗೆ ಕನಿಷ್ಠ 24 ಗ್ರಾಂ, ಉಳಿದವಕ್ಕೆ ಕನಿಷ್ಠ 5 ಗ್ರಾಂ, ಎರಡೆರಡು ಪ್ರತಿ. ದೃಢೀಕರಣವಾದರೆ ಆ ಪಟ್ಟಿ, ಫೋಟೊ, ಮಾದರಿಗಳೇ ಪ್ರಾಥಮಿಕ ಸಾಕ್ಷ್ಯ, ಮಾಲನ್ನು ಬೇಗ ನಾಶ ಮಾಡಬಹುದು. ವರ್ಷಗಟ್ಟಲೆ ಮಾಲುಖಾನೆಯಲ್ಲಿ (ಜಪ್ತಿಯಾದ ಸರಕು ಇಡುವ ಕೋಣೆ) ಬಿದ್ದಿರುವ ಚೀಲವೇ ನಿಜವಾದ ಅಪಾಯ. ಒಳಗಿನ ಸರಕು ಬದಲಾಗಿ, ಹಿಡಿದದ್ದೇ ಮತ್ತೆ ಬೀದಿಗೆ ಬರುತ್ತದೆ.

ಶಾಮೀಲಾದ ಅಧಿಕಾರಿಗೆ ಕಲಂ 59: 10ರಿಂದ 20 ವರ್ಷ ಸಜೆ, 1ರಿಂದ 2 ಲಕ್ಷ ರೂ. ದಂಡ. ಆದರೆ ಸರ್ಕಾರದ ಪೂರ್ವಾನುಮತಿಯೊಂದಿಗೆ ಲಿಖಿತ ದೂರು ಬಂದರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಬಹುದು. ಬೇಲಿಯೇ ಹೊಲ ಮೇಯುವಾಗ ದೂರಿಗೆ ಮೊದಲು ಬೇಲಿ ಹಾಕಿದವರ ಒಪ್ಪಿಗೆ ಕೇಳಬೇಕಾದ ಈ ಷರತ್ತು ಬದಲಾಗಲೇಬೇಕು. ಕಲಂ 32ಬಿ ಕೂಡ ಓದಿ: ಹಿಂಸೆ ಅಥವಾ ಆಯುಧ ಬಳಸಿದ್ದು, ಸಾರ್ವಜನಿಕ ಹುದ್ದೆಯನ್ನು ದುರುಪಯೋಗ ಮಾಡಿಕೊಂಡದ್ದು, ಎರಡೂ ಕನಿಷ್ಠಕ್ಕಿಂತ ಹೆಚ್ಚಿನ ಶಿಕ್ಷೆಗೆ ಕಾರಣಗಳು.

ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಇದು. ಕರ್ನಾಟಕದಲ್ಲಿ ದೂರು ಲೋಕಾಯುಕ್ತಕ್ಕೆ.

ಪಂಚರಾಗಿ ಕರೆದರೆ

ತಕ್ಕಡಿ ಖಾಲಿಯಿದ್ದಾಗ ಸೊನ್ನೆ ತೋರಿಸುತ್ತದೆಯೇ ನೋಡಿ. ಅರಗು ಮುದ್ರೆ ನಿಮ್ಮ ಕಣ್ಣೆದುರೇ ಬೀಳಲಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ತುಂಬಿದ ಹಾಳೆಯಲ್ಲೂ ಸ್ಥಳ, ಸಮಯ, ತೂಕ ಓದಿದ ಮೇಲೆಯೇ ಪೆನ್ನು ಎತ್ತಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 105ರಂತೆ ಶೋಧ, ಜಪ್ತಿ ಎರಡನ್ನೂ ವಿಡಿಯೊ ಮಾಡಬೇಕು. ಕ್ಯಾಮೆರಾ ಕಾಣದಿದ್ದರೆ ಕೇಳಿ. ಮಾರಾಟದ ಸುಳಿವು ಸಿಕ್ಕರೆ 1933ಕ್ಕೆ, ಚಟ ಬಿಡಿಸುವ ನೆರವಿಗೆ 14446ಕ್ಕೆ ಕರೆ ಮಾಡಿ. ಅಲ್ಪ ಪ್ರಮಾಣದಲ್ಲಿ ಅಥವಾ ಸೇವನೆಗಾಗಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಕಲಂ 64ಎ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಕೊಡುತ್ತದೆ. ಎಷ್ಟೋ ಮನೆಗಳು ಇದು ಗೊತ್ತಿಲ್ಲದೆ ಮಕ್ಕಳ ಚಟ ಮುಚ್ಚಿಡುತ್ತವೆ.

ಬೆದರಿಕೆ ಬಂದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿ. ತೀರ್ಮಾನಿಸುವುದು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ. ಡಿವೈಎಸ್ಪಿ 5 ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು, ವರದಿ ತಲುಪಿ 5 ಕೆಲಸದ ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ಅಪಾಯ ಹತ್ತಿರದಲ್ಲೇ ಇದ್ದರೆ ಅಷ್ಟು ಕಾಯದೆ ಮಧ್ಯಂತರ ರಕ್ಷಣೆ ಕೇಳಬಹುದು; ಅದನ್ನು ಅರ್ಜಿಯಲ್ಲೇ ಬರೆಯಿರಿ.