ಸೊಪ್ಪು ಉಟ್ಟವರ ಕತೆ

ಕಳೆದ ವರ್ಷ ನಮ್ಮ ಕಡೆಯ ಒಂದು ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಒಬ್ಬ ಹುಡುಗನ ಮೈಗೆಲ್ಲ ಮಸಿ ಬಳಿದು, ಸೊಂಟಕ್ಕೆ ಮಾವಿನ ಸೊಪ್ಪು ಕಟ್ಟಿ, 'ಆದಿವಾಸಿ' ಅಂತ ವೇದಿಕೆಗೆ ಬಿಟ್ಟಿದ್ದರು. ಚಪ್ಪಾಳೆಯೋ ಚಪ್ಪಾಳೆ. ಚಿತ್ರಕಲೆ ಟೀಚರ್ ಆದ ನನಗೆ ಕೈ ತಟ್ಟಲು ಮನಸ್ಸು ಬರಲಿಲ್ಲ.

ಸೊಪ್ಪು, ಹೂವು, ಮಣ್ಣಿನ ಬಣ್ಣ ಈಗ ಎಲ್ಲ ಕಲಾವಿದರಿಗೂ ಇಷ್ಟ. ಇಥಿಯೋಪಿಯಾದ ಓಮೋ ಕಣಿವೆಯ ಸುರ್ಮಾ, ಮುರ್ಸಿ ಜನ ಬಿಳಿ ಜೇಡಿ, ಕೆಮ್ಮಣ್ಣು ಬಳಿದುಕೊಂಡು ತಲೆಗೆ ಎಲೆ ಹೂವು ಮುಡಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆ ಚಿತ್ರಗಳು ಹೆಸರಾದ ಮೇಲೆ ಅಲ್ಲಿಗೆ ಪ್ರವಾಸಿಗರು ಜಾಸ್ತಿಯಾದರು, ಫೋಟೊಗೆ ಇಷ್ಟು ದುಡ್ಡು ಅನ್ನುವ ಲೆಕ್ಕವೂ ಶುರುವಾಯಿತು. ಇದು ಹೊಸತಲ್ಲ. 1907ರಲ್ಲಿ ಪಿಕಾಸೊ ಪ್ಯಾರಿಸ್ಸಿನ ಮ್ಯೂಸಿಯಂ ಒಂದರಲ್ಲಿ ಆಫ್ರಿಕಾದ ಮುಖವಾಡ ನೋಡಿ ಬೆರಗಾದರು, ಅವರ ಚಿತ್ರಗಳೇ ಬದಲಾದವು. ಆ ಮುಖವಾಡ ಕೆತ್ತಿದವರ ಹೆಸರು ಯಾರಿಗೂ ನೆನಪಿಲ್ಲ.

ನಮ್ಮ ಕಾಸರಗೋಡಿನಲ್ಲಿ ಸೊಪ್ಪಿಗೆ ಬೇರೆಯದೇ ನೋವು ಅಂಟಿಕೊಂಡಿದೆ. ಇಲ್ಲಿನ ಕೊರಗ ಬುಡಕಟ್ಟಿನ 'ಸೊಪ್ಪು ಕೊರಗರು' ಎಂಬ ಪಂಗಡದ ಬಗ್ಗೆ, ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು 1909ರಲ್ಲಿ ಬಂದ ಥರ್ಸ್ಟನ್ನರ ಸಂಪುಟಗಳಲ್ಲೇ ಇದೆ. ಕೊರಗರು ಹಿಂದೆ ಆಳಿದವರು, ಸೋತ ಮೇಲೆ ಗೆದ್ದವರು ಅವರಿಗೆ ಸೊಪ್ಪು ಉಡಿಸಿದರು ಅಂತ ಐತಿಹ್ಯ ಹೇಳುತ್ತದೆ. ಐತಿಹ್ಯ ಹಾಗಿರಲಿ. 'ಅಂಡೆ ಕೊರಗರು' ದಾರಿಯಲ್ಲಿ ಉಗುಳಬಾರದು ಅಂತ ಕುತ್ತಿಗೆಗೆ ಅಂಡೆ ಕಟ್ಟಿಕೊಳ್ಳಬೇಕಿತ್ತು. ಮೇಲ್ಜಾತಿಯವರ ಕೇಡು ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ಇದೆಲ್ಲ ಗೊತ್ತಿದ್ದವರಿಗೆ ಸೊಪ್ಪಿನ ಉಡುಗೆ ಬರೀ ಚಂದವಾಗಿ ಕಾಣುವುದಿಲ್ಲ, ಅಲ್ವಾ?

ಹಾಗಂತ ಸೊಪ್ಪನ್ನೂ ಬಣ್ಣವನ್ನೂ ಮುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ತೆಯ್ಯಂ ಅಂದರೆ ನಮ್ಮ ಕಡೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ. ಅದನ್ನು ಕಟ್ಟುವ ಮನೆಯ ಹಿಂದೆ ಒಮ್ಮೆ ಕೂತು ನೋಡಿ. ಕಟ್ಟುವವರು ಚಾಪೆಯ ಮೇಲೆ ಅಂಗಾತ ಮಲಗಿರುತ್ತಾರೆ. ಇನ್ನೊಬ್ಬರು ತಲೆಯ ಕಡೆ ಕೂತು, ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಕೆನ್ನೆಯ ಮೇಲೆ ಗೆರೆ ಎಳೆಯುತ್ತಾರೆ. ಉಸಿರು ಜೋರಾದರೂ ಗೆರೆ ಕೆಡುತ್ತದೆ. ಅರಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಅಕ್ಕಿ ಅರೆದರೆ ಬಿಳಿ, ಎಣ್ಣೆಗೆ ಕಾಡಿಗೆ ಸೇರಿಸಿದರೆ ಕಪ್ಪು. ಹಳದಿಗೆ ಅರದಾಳ, ಕಡುಗೆಂಪಿಗೆ ಇಂಗಳೀಕ. ನೈಸರ್ಗಿಕ ಅಂದ ಕೂಡಲೇ ಎಲ್ಲವೂ ಸೌಮ್ಯ ಅಂದುಕೊಳ್ಳಬೇಡಿ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಸೊಂಟಕ್ಕೆ ಕಟ್ಟುವುದು ತಿರಿ, ಎಳೆ ತೆಂಗಿನ ಗರಿ. ಅದೂ ಎಲೆಯೇ. ಆದರೆ ಅದನ್ನು ಕಟ್ಟಿದವರ ಮುಂದೆ ಊರೇ ಕೈಮುಗಿದು ನಿಲ್ಲುತ್ತದೆ.

ತೆಯ್ಯಂ ಕಟ್ಟುವವರಲ್ಲಿ ಮಾವಿಲ ಬುಡಕಟ್ಟಿನವರೂ ಇದ್ದಾರೆ. ಅವರ ಮನೆಮಾತು ತುಳು. ಅವರೂ ಮಲವೇಟ್ಟುವರೂ ಮದುವೆಯಲ್ಲಿ ತುಡಿ ಬಡಿದು ಕುಣಿಯುವ ಮಂಗಲಂಕಳಿ 2025ರ ಜನವರಿಯಲ್ಲಿ ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗೆ ಬಂತು, ಇನ್ನೂ ನಾಲ್ಕು ಬುಡಕಟ್ಟು ಕಲೆಗಳ ಜೊತೆ. ನನಗೆ ನಿಜವಾಗಿಯೂ ಖುಷಿಯಾಯಿತು. ಆದರೆ ಸ್ಪರ್ಧೆ ಅಂದ ಮೇಲೆ ಅಂಕ ಬೇಕು, ಅಂಕಕ್ಕೆ ವೇಷ ಬೇಕು, ಆಗ ಮತ್ತೆ ಸುಮ್ನೆ ಮಸಿ, ಸೊಪ್ಪು ಬಂದುಬಿಡುತ್ತದೆ ಅನ್ನುವ ಭಯ ನನಗಿದೆ.

ಆ ಛದ್ಮವೇಷದ ಹುಡುಗನಿಗೆ ಈಗ ನಾನು ತಿರಿ ಸೀಳುವುದನ್ನು ಕಲಿಸುತ್ತಿಲ್ಲ. ನನಗೇ ಸರಿಯಾಗಿ ಬರುವುದಿಲ್ಲ. ಮುಂದಿನ ತೆಯ್ಯಂ ಕೋಲದ ದಿನ ಸಂಜೆ ಅವನನ್ನು ಕಟ್ಟುವವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರು ಒಪ್ಪಿದರೆ ಪಕ್ಕದಲ್ಲಿ ಕೂತು ಚಿತ್ರ ಬಿಡಿಸಲಿ.